ಬರಿಗಾಲಿನ ಭಕ್ತಿ

ಮರ ಹತ್ತುವ ಆರು ಜನರಿಗೆಂದು ಬಂದ ಆರು ಜೋಡಿ ಬೂಟುಗಳಲ್ಲಿ ಐದನ್ನು ಮುರಾರಿ ಅಂಗಡಿಗೆ ವಾಪಸು ಕಳಿಸಿದ. ಒಂದನ್ನು ಇಟ್ಟುಕೊಂಡ. ಆರೂ ಜನರಿಗೆ ಬೂಟು ಕೊಟ್ಟಿದೆ ಎಂದು ರಿಜಿಸ್ಟರಿನಲ್ಲಿ ಬರೆದು ಕೆಳಗೆ ಸಹಿ ಹಾಕಿದ.

ಇಟ್ಟುಕೊಂಡ ಒಂದು ಜೋಡಿ ಫೋಟೋಕ್ಕೆ. ಹೊಸ ಸೈಟು ಶುರುವಾದ ಮೊದಲ ಬೆಳಿಗ್ಗೆ ಆರು ಜನ ಮರದ ಬುಡದಲ್ಲಿ ಸಾಲಾಗಿ ನಿಲ್ಲಬೇಕು. ಒಬ್ಬ ಬೂಟು ಹಾಕಿಕೊಂಡು, ತಲೆಗೆ ಹೆಲ್ಮೆಟ್ ಇಟ್ಟುಕೊಂಡು ಫೋಟೋ ತೆಗೆಸಿಕೊಳ್ಳುತ್ತಾನೆ. ಬಿಚ್ಚಿ ಮುಂದಿನವನಿಗೆ ಕೊಡುತ್ತಾನೆ. ಆರು ಮುಖ, ಆರು ಫೋಟೋ, ಎರಡೇ ಬೂಟು. ಒಂಬತ್ತನೇ ನಂಬರಿನವು. ಫೋಟೋಗಳು ಫೈಲಿಗೆ ಹೋದ ಮೇಲೆ ಬೂಟು ಜೀಪಿನ ಸೀಟಿನಡಿಗೆ, ಆರು ಜನ ತಮ್ಮ ತಮ್ಮ ಕ್ಯಾನ್ವಾಸ್ ಶೂಗೆ.

"ಸಾಹೇಬ್ರ, ಇದು ನಮ್ಮೂರ ಮದಿಮಗನ ಕೋಟ್ ಇದ್ದಂಗ ಅದ ನೋಡ್ರಿ," ಎಂದಿದ್ದ ಗುರುನಾಥ, ಹತ್ತುವವರಲ್ಲಿ ಎಲ್ಲರಿಗಿಂತ ಬಾಯಿ ಜೋರಿದ್ದವನು. "ಊರಾಗ ಒಂದೇ ಕೋಟು. ಯಾರ ಲಗ್ನ ಆದ್ರೂ ಅದೇ."

ಚಂದ್ರಾಮನ ಕಾಲು ಏಳನೇ ನಂಬರು. ಬೂಟಿನೊಳಗೆ ಅವನ ಪಾದ ಬಾವಿಗೆ ಬಿದ್ದ ಕೊಡದಂತೆ ಆಡುತ್ತಿತ್ತು. "ಇದರಾಗ ನನ್ನ ಕಾಲ್ ಸಂಗಟ ನಮ್ಮ ಸಾಬವ್ವಂದೂ ಹಿಡಿಸ್ತದ," ಎಂದು ಅವನು ಅಂದರೆ, ಕೆಳಗೆ ಹಗ್ಗ ಸುತ್ತುತ್ತಿದ್ದ ಅವನ ಹೆಂಡತಿ ತಲೆ ಎತ್ತದೆ, "ನನ್ನ ಕಾಲಿನ ಚಿಂತಿ ನಿನಗ್ಯಾಕ, ನಿನ್ನವ ನೆಟ್ಟಗ ಇಟ್ಕೊ," ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಮುರಾರಿಯೂ ನಕ್ಕಿದ್ದ. ಈಗ ಆ ನಗು ನೆನಪಾದರೆ ಅವನು ರೈಲಿನಲ್ಲಿ ನಿಂತಲ್ಲೇ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿಕೊಳ್ಳುತ್ತಾನೆ.

ಮುರಾರಿ ಡೊಂಬಿವಲಿಯವನು. ಅಂದರೆ ಮೂವತ್ತು ವರ್ಷಗಳಿಂದ ಡೊಂಬಿವಲಿಯವನು. ಅದಕ್ಕೆ ಮೊದಲು ಉಡುಪಿಯ ಆಚೆಯ ಒಂದು ಊರಿನವನು. ಥಾಣೆಯಲ್ಲಿ ತನ್ನ ಊರಿನವರದೇ ಒಂದು ಹೋಟೆಲಿನ ಗಲ್ಲೆಯಲ್ಲಿ, ದುಡ್ಡಿನ ಪೆಟ್ಟಿಗೆಯ ಮುಂದೆ, ಇಪ್ಪತ್ತೆರಡು ವರ್ಷ ಕೂತಿದ್ದ. ಹೋಟೆಲು ಮುಚ್ಚಿತು. ಮಾಲಕರ ಮಗ ಯತಿನ್ ಕಾರ್ಖಾನೆಗಳ ಜಾಗದಲ್ಲಿ ಮರ ಕಡಿದು ಬಯಲು ಮಾಡಿಕೊಡುವ ಕಂತ್ರಾಟು ಹಿಡಿದ. ಕಲಬುರಗಿ ಕಡೆಯ ಕೆಲಸಗಾರರ ಹತ್ತಿರ ಕನ್ನಡದಲ್ಲಿ ಮಾತಾಡಲು ಒಬ್ಬರು ಬೇಕು ಎಂದು ಮುರಾರಿಯನ್ನು ಸೂಪರ್‌ವೈಸರ್ ಮಾಡಿದ. ಬಿಳಿ ಅಂಗಿ, ಕಂಕುಳಲ್ಲಿ ರಿಜಿಸ್ಟರು, ಜೇಬಿನಲ್ಲಿ ಎರಡು ಪೆನ್ನು. ಐವತ್ತನಾಲ್ಕನೇ ವಯಸ್ಸಿಗೆ ಮುರಾರಿ ಮೊದಲ ಬಾರಿ 'ಸಾಹೇಬ' ಆದ. ಆ ಶಬ್ದ ಅವನಿಗೆ ಹಿಡಿಸಿತು. ಮುಂದೆ ನಡೆದದ್ದಕ್ಕೆಲ್ಲ ಅದೂ ಒಂದು ಕಾರಣ.

ಮರ ಹತ್ತಲು ಇವರು ಕಾಲಿಗೆ ಕಟ್ಟುವ ಸಾಮಾನಿಗೆ ಇವರ ಬಾಯಲ್ಲಿ 'ಮುಳ್ಳು' ಎಂದು ಹೆಸರು. ಮೊಣಕಾಲಿನ ಕೆಳಗಿನಿಂದ ಕಾಲಿನ ಒಳಬದಿಗುಂಟ ಇಳಿಯುವ ಕಬ್ಬಿಣದ ಪಟ್ಟಿ ಅದು. ತುದಿಯಲ್ಲಿ ಅಂಗಾಲಿನ ಅಡಿಗೆ ತಿರುಗಿ ಮೆಟ್ಟಿಲಿನಂತೆ ನಿಲ್ಲುತ್ತದೆ. ಪಾದದ ಒಳಬದಿಗೆ ಒಂದು ಮೊನಚು ಮೊಳೆ ಕೆಳಮುಖವಾಗಿ ಚಾಚಿರುತ್ತದೆ. ಆ ಮೊಳೆಯನ್ನು ಕಾಂಡಕ್ಕೆ ಒದ್ದು ನೆಡಬೇಕು, ಅದರ ಮೇಲೆ ಎದ್ದು ನಿಲ್ಲಬೇಕು, ಇನ್ನೊಂದು ಕಾಲಿನದನ್ನು ನೆಡಬೇಕು. ಉಳಿಯಬೇಕಾದ ಮರಕ್ಕೆ ಇದನ್ನು ಹಾಕುವಂತಿಲ್ಲ, ಹೆಜ್ಜೆಹೆಜ್ಜೆಗೂ ಗಾಯವಾಗುತ್ತದೆ. ಹೇಗೂ ಬೀಳಿಸುವ ಮರಕ್ಕೆ ಮಾತ್ರ. ಮರದ ಗಾಯದ ಬಗ್ಗೆ ಹೀಗೆ ನಿಯಮವಿದೆ.

ಹತ್ತುವವನ ಮೈಭಾರವೆಲ್ಲ ಅಂಗಾಲಿನ ಗುಳಿಯ ಕೆಳಗಿನ ಆ ಎರಡು ಬೆರಳಗಲದ ಕಬ್ಬಿಣದ ಮೇಲೆ. ಬೂಟಿನ ಅಡಿ ಗಟ್ಟಿಯಿದ್ದು ಒಳಗೆ ಉಕ್ಕಿನ ತಗಡಿದ್ದರೆ ಆ ಭಾರ ಪಾದಕ್ಕೆಲ್ಲ ಹಂಚಿಹೋಗುತ್ತದೆ. ಹಿಮ್ಮಡಿ ಎತ್ತರವಿದ್ದರೆ ಕಬ್ಬಿಣ ಹಿಂದಕ್ಕೆ ಜಾರುವುದಿಲ್ಲ. ದಪ್ಪ ಚರ್ಮ ಕಣಕಾಲಿನ ಮೇಲಕ್ಕೂ ಬಂದಿದ್ದರೆ, ಒಂದು ಕಾಲಿನ ಮೊಳೆ ತಪ್ಪಿ ಇನ್ನೊಂದು ಕಾಲಿಗೆ ತಾಗಿದರೂ ಒಳಗಿಳಿಯುವುದಿಲ್ಲ. ಕ್ಯಾನ್ವಾಸ್ ಶೂನಲ್ಲಿ ಈ ಮೂರೂ ಇಲ್ಲ.

ಇದನ್ನು ಮುರಾರಿಗೆ ಯಾರೂ ಪುಸ್ತಕ ಓದಿ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ, "ನಾನೂ ಒಮ್ಮೆ ನೋಡ್ತೇನೆ ಮಾರಾಯ," ಎಂದು ತನ್ನ ಚಪ್ಪಲಿಯ ಮೇಲೇ ಮುಳ್ಳು ಕಟ್ಟಿಸಿಕೊಂಡು ನೆಲದಿಂದ ಎರಡೇ ಅಡಿ ಮೇಲೆ ನಿಂತಿದ್ದ. ಗುರುನಾಥ ಜೋರಾಗಿ ಎಣಿಸುತ್ತಿದ್ದ. ಎಪ್ಪತ್ತಕ್ಕೆ ಮುರಾರಿಯ ಹಣೆ ಬೆವರಿತು, ತೊಂಬತ್ತಕ್ಕೆ ಕೆಳಗಿಳಿದ. ಎರಡು ದಿನ ಡೊಂಬಿವಲಿ ಸ್ಟೇಷನ್ನಿನ ಸೇತುವೆಯನ್ನು ಪಾದದ ಹೊರ ಅಂಚಿನಲ್ಲಿ ಊರುತ್ತಾ ದಾಟಿದ. ಹೆಂಡತಿ ಪ್ರಭಾ ಕೇಳಿದ್ದಕ್ಕೆ ಕಲ್ಲು ತುಳಿದೆ ಎಂದ. ಗೊತ್ತಿರಲಿಲ್ಲ ಎಂದು ಹೇಳುವ ಹಕ್ಕನ್ನು ಅವನು ಅಂದೇ ಕಳೆದುಕೊಂಡಿದ್ದ.

ಚಂದ್ರಾಮ ದಿನಕ್ಕೆ ಐದಾರು ಗಂಟೆ ಹಾಗೆ ನಿಲ್ಲುತ್ತಿದ್ದ. ಶೂ ಒಳಗೆ ಸ್ಕೂಟರ್ ಟಯರಿನ ತುಂಡು ಕತ್ತರಿಸಿ ಇಟ್ಟಿದ್ದ. ಎರಡೆರಡು ಕಾಲುಚೀಲ. ಪಟ್ಟಿ ಕಚ್ಚುವಲ್ಲಿ ಸಾಬವ್ವನ ಹಳೆ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸುತ್ತುತ್ತಿದ್ದ. ಹತ್ತು ನಿಮಿಷಕ್ಕೊಮ್ಮೆ ಸೊಂಟದ ಹಗ್ಗಕ್ಕೆ ಜೋತುಬಿದ್ದು ಒಂದೊಂದೇ ಕಾಲನ್ನು ಝಾಡಿಸಿಕೊಳ್ಳುತ್ತಿದ್ದ. ಇಷ್ಟೆಲ್ಲ ಮಾಡಿಯೂ ಸಂಜೆ ಅವನ ಅಂಗಾಲಿನಲ್ಲಿ ಅಡ್ಡಕ್ಕೆ ಒಂದು ನೇರಳೆ ಗೆರೆ ಇರುತ್ತಿತ್ತು. "ಬೂಟಿನ ಕೆಲಸ ಬೂಟೇ ಮಾಡ್ಬೇಕ್ರಿ ಸಾಹೇಬ್ರ," ಎಂದಿದ್ದ ಜನವರಿಯಲ್ಲಿ. "ಚಿಂದಿ ಎಷ್ಟ್ ದಿನ ಮಾಡ್ತದ?" ಮುರಾರಿ ಹೋಗಿ ಹೇಳಿದ್ದ. ಯತಿನ್ ಹೂಂ ಅಂದಿದ್ದ. ಆರು ಜನರ ಕಾಲಿನ ಅಳತೆ ಬರೆದುಕೊಂಡು ಬಂದು ಬೂಟಿಗೆ ಆರ್ಡರ್ ಹಾಕಿದ್ದೂ ಮುರಾರಿಯೇ. ಅಲ್ಲಿಯವರೆಗೆ ಅವನು ಮಾಡಿದ್ದರಲ್ಲಿ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ.

ಆಮೇಲೆ ಅಂಬರನಾಥದ ಅತ್ತಿಮರ ಬಂತು.

ಮುಚ್ಚಿದ ಕಾರ್ಖಾನೆಯೊಂದರ ಹಿತ್ತಲು. ಎಲ್ಲ ಮರ ಬಿದ್ದಿದ್ದವು, ಅದೊಂದು ಉಳಿದಿತ್ತು. ಹತ್ತು ಗಂಟೆಗೆ ಜೇಸೀಬಿ ಬರುವುದಿತ್ತು. ಚಂದ್ರಾಮ ಮರದ ಮುಂದೆ ಹೋಗಿ ನಿಂತವನು ಹಗ್ಗ ಕೆಳಗಿಟ್ಟ.

"ಇದು ಔದುಂಬರ ಅದರಿ. ದತ್ತ ಮಹಾರಾಜರ ಗಿಡ. ನಾ ಹತ್ತಂಗಿಲ್ಲ."

ಅವನ ಊರು ಅಫಜಲಪುರ ತಾಲೂಕಿನದು, ಗಾಣಗಾಪುರದಿಂದ ನಡೆದು ಹೋಗುವಷ್ಟು ದೂರ. ಅಲ್ಲಿ ಅತ್ತಿಮರದ ಬುಡದಲ್ಲಿ ಕೂತು ಜನ ಪಾರಾಯಣ ಮಾಡುತ್ತಾರೆ. ಇವನ ಅವ್ವ ಮಗು ಬದುಕಲಿ ಎಂದು ಅಲ್ಲಿ ಹನ್ನೊಂದು ದಿನ ಪ್ರದಕ್ಷಿಣೆ ಹಾಕಿದ್ದಳಂತೆ. ಬದುಕಿದ ಮಗು ಇವನೇ.

ಮುರಾರಿ ಗಡಿಯಾರ ನೋಡಿದ. ಆಮೇಲೆ ಚಂದ್ರಾಮನ ಹೆಗಲ ಮೇಲೆ ಕೈಯಿಟ್ಟು, ದೇವಸ್ಥಾನದಲ್ಲಿ ತೀರ್ಥ ಕೊಡುವವರ ಸ್ವರದಲ್ಲಿ ಹೇಳಿದ: "ನೋಡು ಚಂದ್ರಾಮ. ಶೂ ಕಳಚು. ಬರಿಗಾಲಲ್ಲಿ ಹತ್ತು. ಮೊದಲು ಮುಟ್ಟಿ ನಮಸ್ಕಾರ ಮಾಡಿ ಕ್ಷಮೆ ಕೇಳಿಕೋ. ದೇವರು ಮನಸ್ಸು ನೋಡುವುದು, ಕತ್ತಿ ನೋಡುವುದಲ್ಲ. ಶಾಸ್ತ್ರದಲ್ಲೇ ಉಂಟು."

ಯಾವ ಶಾಸ್ತ್ರದಲ್ಲಿ ಉಂಟು ಎಂದು ಮುರಾರಿಗೆ ಗೊತ್ತಿರಲಿಲ್ಲ.

"ಬ್ಯಾಡ," ಎಂದಳು ಸಾಬವ್ವ.

"ನೀನು ಸುಮ್ಮನಿರು ಮಾರಾಯ್ತಿ. ಪಾಪ ಇದ್ದರೆ ನನಗಿರಲಿ."

ಚಂದ್ರಾಮ ಹೆಂಡತಿಯ ಮುಖ ನೋಡಿದ, ಸಾಹೇಬರ ಮುಖ ನೋಡಿದ. ಶೂ ಕಳಚಿ ಬದಿಗಿಟ್ಟ. ಮರಕ್ಕೆ ಹಣೆ ಹಚ್ಚಿದ. ಬರಿಯ ಚರ್ಮದ ಮೇಲೆ ಮುಳ್ಳು ಕಟ್ಟಿಕೊಂಡು ಹತ್ತಿದ. ಹಣೆ ಹಚ್ಚಿ ನಿಂತದ್ದು ಬೆಳಗಿನ ಬಿಸಿಲಿನಲ್ಲಿ ಎಷ್ಟು ಚಂದ ಕಂಡಿತೆಂದರೆ ಮುರಾರಿ ಮೊಬೈಲು ತೆಗೆದು ಫೋಟೋ ಹಿಡಿದ. ಇಳಿದಾಗ ಚಂದ್ರಾಮನ ಅಂಗಾಲು ಸೀಳಿತ್ತು. ಅದರ ಫೋಟೋ ಹಿಡಿಯಲಿಲ್ಲ.

ಊರಿನವರ ವಾಟ್ಸಾಪ್ ಗುಂಪಿಗೆ ಆ ಫೋಟೋ ಹಾಕಿ ಬರೆದ: 'ಬರಿಗಾಲಿನ ಭಕ್ತಿ. ನಮ್ಮ ಜನ ಎಲ್ಲಿ ಹೋದರೂ ಸಂಸ್ಕಾರ ಬಿಡುವುದಿಲ್ಲ.' ಸಂಜೆಯೊಳಗೆ ನಲವತ್ತಕ್ಕೂ ಹೆಚ್ಚು ಜೋಡಿಸಿದ ಕೈಗಳು ಬಂದವು. ಮರುದಿನ ಥಾಣೆಯ ಆಫೀಸಿನಲ್ಲಿ ಚಹಾ ಕುಡಿಯುತ್ತಾ ಯತಿನ್‌ಗೂ ಆ ಕತೆ ಹೇಳಿದ. ಕತೆಯಲ್ಲಿ ಚಂದ್ರಾಮ ತಾನಾಗಿಯೇ ಶೂ ಕಳಚಿದ್ದ. ಜೇಸೀಬಿ, ಗಡಿಯಾರ, ಶಾಸ್ತ್ರ, ಸಾಬವ್ವನ 'ಬ್ಯಾಡ' ಯಾವುದೂ ಇರಲಿಲ್ಲ. ಹೇಳುವವನು ತನ್ನನ್ನು ಬಿಟ್ಟು ಹೇಳಿದರೆ ಕತೆ ಚಂದವಾಗುತ್ತದೆ ಎಂದು ಅವನಿಗೆ ಅನ್ನಿಸಿತ್ತು.

"ಕ್ಯಾ ಬಾತ್ ಹೈ," ಎಂದ ಯತಿನ್. ಮೂವತ್ತು ದಾಟದ ಹುಡುಗ, ಇಲ್ಲೇ ಹುಟ್ಟಿದವನು, ಕನ್ನಡ ಅವನಿಗೆ ಅಪ್ಪನ ಹೋಟೆಲಿನಿಂದ ಬಂದ ಪಾತ್ರೆಗಳಂತೆ, ಬೇಕಾದಾಗ ತೆಗೆದು ಬಳಸುವಂಥದ್ದು. "ಅಂದ್ರೆ ಇವ್ರು ಹತ್ತುವಾಗ ಕಾಲಿಗೆ ಏನೂ ಹಾಕೋದೇ ಇಲ್ವಾ?"

"ಹಾಗಲ್ಲ, ಕೆಲವು ಮರಕ್ಕೆ..."

"ಮುರಾರಿಯಣ್ಣ, ಮತ್ತೆ ಇಲ್ಲಿ ಬಂದು ಬಿದ್ದಿರೋ ಆರು ಜೋಡಿ ಬೂಟ್ ಯಾಕೆ ತರಿಸಿದ್ದು ನಾವು? ಅವ್ರ ಭಾವನೆ ಜೊತೆ ಆಟ ಆಡೋದು ಬೇಡ. ಒಂದು ಇಟ್ಕೊಳ್ಳಿ, ಫೋಟೋಕ್ಕೆ. ಬಾಕಿ ವಾಪಸ್. ರಿಜಿಸ್ಟರ್‌ನಲ್ಲಿ ಆರು ಅಂತಲೇ ಇರ್ಲಿ."

ಮುರಾರಿ ಒಂದು ಗುಟುಕು ಕುಡಿದ. ಚಹಾ ಬಿಸಿಯಿತ್ತು. ಲೋಟ ಕೆಳಗಿಟ್ಟು, "ಆಯ್ತು," ಎಂದ. ಅವನ ಕತೆ ಧಣಿಯ ಮಗನಿಗೆ ಇಷ್ಟವಾಗಿತ್ತಲ್ಲ, ಅದನ್ನು ಅಲ್ಲೇ ಕೆಡಿಸುವ ಮನಸ್ಸಾಗಲಿಲ್ಲ.

ಮಹಾಪೆಯ ಸೈಟಿನ ನೀಲಗಿರಿ ಮರ ಮೇ ತಿಂಗಳಿನದು. ನುಣುಪು ಕಾಂಡ, ಸುಡುವ ಗಾಳಿ. ಚಂದ್ರಾಮ ಮೂವತ್ತಡಿ ಮೇಲೆ ಒಂದೇ ಕಡೆ ನಲವತ್ತು ನಿಮಿಷದಿಂದ ನಿಂತಿದ್ದ. ಕಡಿಯುವ ಕೊಂಬೆಗೆ ಕಟ್ಟಿದ ಹಗ್ಗ ಮೇಲಿನ ಕವಲಿನಿಂದ ಇಳಿದು ಕೆಳಗೆ ಸಾಬವ್ವನ ಕೈಯಲ್ಲಿತ್ತು. ಕೊಂಬೆ ತುಂಡಾದ ಮೇಲೆ ಮೆಲ್ಲಗೆ ಇಳಿಸುವುದು ಅವಳ ಕೆಲಸ.

"ಸಾಹೇಬ್ರ," ಎಂದು ಮೇಲಿನಿಂದ ಕೂಗಿದ. "ಕಾಲ್ ಜೋಮ್ ಹಿಡದಾವ. ಇಳದು ಬರ್ತೀನಿ ಒಂದೀಟು."

"ಒಂದೇ ಕೊಂಬೆ ಅಲ್ವಾ ಉಳಿದದ್ದು. ಮುಗಿಸಿಯೇ ಇಳಿ ಮಾರಾಯ."

ಮುಗಿಸಿದ. ಕೊಂಬೆ ತುಂಡಾಗಿ ಹಗ್ಗಕ್ಕೆ ಜೋತು ಅವನ ತಲೆಯ ಮೇಲೆಯೇ ತೂಗಾಡಿತು. ಅದರಿಂದ ತಪ್ಪಿಸಿಕೊಳ್ಳಲು ಚಂದ್ರಾಮ ಬಲಗಾಲು ಎತ್ತಿ ಪಕ್ಕಕ್ಕೆ ನೆಟ್ಟ. ಮೊಳೆ ಕಚ್ಚಿತೋ ಇಲ್ಲವೋ ಎಂದು ಮರಗಟ್ಟಿದ ಪಾದಕ್ಕೆ ತಿಳಿಯಲಿಲ್ಲ. ಕಚ್ಚಿರಲಿಲ್ಲ. ಭಾರ ಬಿಟ್ಟ ಕೂಡಲೇ ಬಲಗಾಲು ತೊಗಟೆ ಕೆರೆಯುತ್ತಾ ಜಾರಿತು. ಅದರ ಮೊಳೆ ಎಡಗಾಲಿನ ಕಣಕಾಲಿನ ಹಿಂದೆ, ಕ್ಯಾನ್ವಾಸ್ ಮುಗಿಯುವಲ್ಲಿ, ಒಳಗಿಳಿಯಿತು.

ಅವನು ಸೊಂಟದ ಹಗ್ಗಕ್ಕೆ ಜೋತುಬಿದ್ದ. ಬಿಳಿ ಕಾಂಡದ ಮೇಲೆ ಮೊದಲು ಒಂದು ಕೆಂಪು ಗೆರೆ ಇಳಿಯಿತು, ಆಮೇಲೆ ಎರಡು.

ಸಾಬವ್ವ ಹಗ್ಗ ಬಿಡುವಂತಿರಲಿಲ್ಲ. ಬಿಟ್ಟರೆ ಕೊಂಬೆ ಅವನ ಮೇಲೇ ಬೀಳುತ್ತಿತ್ತು. ಗುರುನಾಥ ಇನ್ನೊಂದು ಬದಿಯಿಂದ ಹತ್ತಿ ಕೊಂಬೆಯನ್ನು ಆಚೆ ಎಳೆಯುವವರೆಗೆ, ಅವನನ್ನು ಕಟ್ಟಿ ಇಳಿಸುವವರೆಗೆ, ಅವಳು ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಕಾಲೂರಿ ನಿಂತು ಮೇಲೆ ನೋಡುತ್ತಿದ್ದಳು. ಮುರಾರಿ ಅವಳ ಪಕ್ಕದಲ್ಲಿ ರಿಜಿಸ್ಟರು ಹಿಡಿದು ನಿಂತಿದ್ದ. ಹಗ್ಗಕ್ಕೆ ಕೈ ಹಾಕಬಹುದಿತ್ತು ಎಂದು ಅವನಿಗೆ ಹೊಳೆದದ್ದು ರಾತ್ರಿ ಊಟಕ್ಕೆ ಕೂತಾಗ.

ಆಂಬುಲೆನ್ಸಿಗೆ ಫೋನಾಯಿತು, ಯತಿನ್‌ಗೂ ಆಯಿತು. ಯತಿನ್ ಎರಡೇ ಮಾತು ಹೇಳಿದ. "ಯಾರೂ ಫೋಟೋ ತೆಗೀಬಾರ್ದು. ಆಂಬುಲೆನ್ಸ್ ಬರುವ ಮೊದಲು ಅವನ ಕಾಲಿಗೆ ಆ ಬೂಟ್ ಹಾಕಿ."

ಮುರಾರಿ ಜೀಪಿಗೆ ನಡೆದ. ಸೀಟಿನಡಿಯಿಂದ ಬೂಟು ತೆಗೆದ. ಎರಡು ಕೈಯಲ್ಲಿ ಎರಡು ಹಿಡಿದುಕೊಂಡು ವಾಪಸು ಬಂದು ಚಂದ್ರಾಮನ ಕಾಲ ಬಳಿ ನಿಂತ. ಗುರುನಾಥ ಆ ಹೊತ್ತಿಗೆ ಕ್ಯಾನ್ವಾಸ್ ಶೂ ಕತ್ತರಿಸಿ ತೆಗೆದಿದ್ದ; ಟಯರಿನ ತುಂಡು ಹೊರಗೆ ಬಿದ್ದಿತ್ತು. ಚಂದ್ರಾಮ ಅರೆಗಣ್ಣು ತೆರೆದು ಬೂಟು ನೋಡಿದ. ತನಗೆಂದೇ ತಂದರು ಎಂದುಕೊಂಡ.

"ಈಗ ಬ್ಯಾಡ್ರಿ ಸಾಹೇಬ್ರ," ಎಂದ. "ನೆತ್ತರ ಹತ್ತತದ. ಹೊಸಾವ ಅವ."

ಮುರಾರಿ ಬೂಟುಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ. ಸಾಬವ್ವನ ಅಂಗೈಯಲ್ಲಿ ಹಗ್ಗ ಸುಲಿದ ಚರ್ಮವಿತ್ತು.

ಆಸ್ಪತ್ರೆಯಲ್ಲಿ ಹಿಮ್ಮಡಿಯ ಮೇಲಿನ ನರ ಅರ್ಧಕ್ಕರ್ಧ ಹರಿದಿದೆ ಎಂದರು. ಒಂದು ಆಪರೇಷನ್ ಆಯಿತು, ಇನ್ನೊಂದು ಆಗಬೇಕು ಎಂದರು. ನಡೆಯಬಹುದು, ಹತ್ತುವ ಮಾತು ಬೇಡ ಎಂದರು. ಎಂಟನೇ ದಿನ ಯತಿನ್ ಮುರಾರಿಯನ್ನು ಥಾಣೆಗೆ ಕರೆದು ಒಂದು ಕಾಗದ ಕೊಟ್ಟ. ಮರಾಠಿಯಲ್ಲಿ ಟೈಪಾಗಿತ್ತು. ಹಿಂದೆ ಪಿನ್ ಹಾಕಿ ಒಂದು ಫೋಟೋ: ಅತ್ತಿಮರಕ್ಕೆ ಹಣೆ ಹಚ್ಚಿ ನಿಂತ ಚಂದ್ರಾಮ, ಪಕ್ಕದಲ್ಲಿ ಕಳಚಿಟ್ಟ ಶೂ.

"ಮಮ್ಮಿ ಇದ್ದಾರಲ್ಲ ನಿಮ್ಮ ವಾಟ್ಸಾಪ್ ಗುಂಪಲ್ಲಿ, ಅವ್ರ ಫೋನಿಂದ ತೆಗ್ದೆ," ಎಂದ ಯತಿನ್. "ಮಸ್ತ್ ಬಂದಿದೆ, ಮುರಾರಿಯಣ್ಣ."

"ಇದು ಅಂಬರನಾಥದ್ದು. ಬೇರೆ ಮರ."

"ಮರ ಮರವೇ ಅಲ್ವಾ? ಕಂಪನಿ ಬೂಟ್ ಕೊಟ್ಟಿತ್ತು, ಇವನು ಧಾರ್ಮಿಕ ಭಾವನೆಯಿಂದ ಕಳಚಿ ಹತ್ತಿದ. ಅಷ್ಟೇ ಬರ್ದದ್ದು. ಇವನ ಸಹಿ ಆದ್ರೆ ಎರಡನೇ ಆಪರೇಷನ್ ನಾವೇ ಮಾಡಿಸ್ತೇವೆ. ಓದಿ ಗೀದಿ ಹೇಳೋಕೆ ಹೋಗ್ಬೇಡಿ. ನಿಮ್ಮ ಮಾತು ಕೇಳ್ತಾನಲ್ಲ ಅವನು?"

ಕೇಳುತ್ತಾನೆ. ಮುರಾರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಮನೆಯಲ್ಲಿ ಮೇಜಿನ ಮೇಲಿದ್ದ ಕಾಗದವನ್ನು ಮಗಳು ಶ್ರೀವಾಣಿ ಓದಿದಳು. ಮರಾಠಿ ಶಾಲೆಯಲ್ಲಿ ಕಲಿತವಳು, ಲ್ಯಾಬಿನಲ್ಲಿ ಕೆಲಸ. ಅಪ್ಪ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಕೊಡುವುದು ಅವಳ ರೂಢಿ.

"ಪಪ್ಪಾ, ಯೇ ಸಚ್ ಹೈ?"

"ಅದು ಆಫೀಸಿನ ಭಾಷೆ ಮಗಾ."

"ಹಾಂ ಯಾ ನಾ?"

ಮುರಾರಿ ಚಪ್ಪಲಿ ಹಾಕಿಕೊಂಡು ಹೊರಟ. ಮೆಟ್ಟಿಲಿಳಿಯುವಾಗ ಪ್ರಭಾ ಡಬ್ಬಿ ಹಿಡಿದು ಹಿಂದೆ ಬಂದದ್ದು ಕೇಳಿಸಿತು, ನಿಲ್ಲಲಿಲ್ಲ. ಮೂವತ್ತು ವರ್ಷ ಅವನು ಮಗಳ ಫೀಸಿನಿಂದ ಹಿಡಿದು ಮನೆಯ ಬಾಡಿಗೆಯವರೆಗೆ ಯಾವುದಕ್ಕೂ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಈಗ ಕಾಗದದಲ್ಲಿದ್ದದ್ದು ನಿಜವೋ ಎಂದರೆ ಒಂದು ಹೌದು ಅಥವಾ ಅಲ್ಲ ಎನ್ನಲಾರದೆ ಓಡಿಹೋಗುತ್ತಿದ್ದ.

ಕಳವಾ ಸ್ಟೇಷನ್ನಿನಲ್ಲಿ ಇಳಿದು ರೈಲು ನಿಲ್ಲಿಸುವ ಕಾರ್‌ಶೆಡ್ ಬದಿಯಿಂದ ಗುಡ್ಡದ ಕಡೆಗೆ ಹತ್ತಬೇಕು. ಓಣಿ ಎಷ್ಟು ಇಕ್ಕಟ್ಟೆಂದರೆ ಎದುರಿನಿಂದ ಒಬ್ಬರು ಬಂದರೆ ಇನ್ನೊಬ್ಬರು ಯಾರದೋ ಹೊಸಿಲಿಗೆ ಕಾಲಿಟ್ಟು ದಾರಿ ಬಿಡಬೇಕು. ಚಂದ್ರಾಮನ ಖೋಲಿಯಲ್ಲಿ ಅವನು ಚಾಪೆಯ ಮೇಲೆ ಮಲಗಿದ್ದ, ಎಡಗಾಲನ್ನು ಮಡಚಿದ ಕೌದಿಗಳ ಮೇಲೆ ಎತ್ತಿ ಇಟ್ಟಿತ್ತು. ಸಾಬವ್ವ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು. ಅಂಗೈಗೆ ಬಟ್ಟೆ ಸುತ್ತಿಕೊಂಡಿದ್ದರಿಂದ ತಟ್ಟುವ ಸದ್ದು ಮಂದವಾಗಿತ್ತು.

"ಬರ್ರಿ ಸಾಹೇಬ್ರ," ಎಂದು ಚಂದ್ರಾಮ ಏಳಲು ಹೋದ. "ಏ, ನೀರ್ ಕೊಡು. ಸಾಹೇಬ್ರು ಗುಡ್ಡ ಹತ್ತಿ ಬಂದಾರ."

ಮುರಾರಿ ನೀರು ಕುಡಿದ. ಒಂದು ಗುಟುಕಿಗೆ ಮುಗಿಯುವ ಲೋಟವನ್ನು ಐದು ಗುಟುಕು ಮಾಡಿದ. ಆಮೇಲೆ ಫೋಟೋ ಕಾಣದಂತೆ ಕಾಗದವನ್ನು ಮಡಚಿ ಹಿಡಿದು, "ಒಂದು ಸಹಿ ಬೇಕಿತ್ತು ಚಂದ್ರಾಮ. ಆಸ್ಪತ್ರೆಯ ಲೆಕ್ಕಕ್ಕೆ," ಎಂದ.

"ಎಲ್ಲಿ ಮಾಡ್ಲಿ ಹೇಳ್ರಿ."

"ಏನ್ ಬರದಾರ, ಓದಿ ಹೇಳ್ರಿ ಮೊದಲ," ಎಂದಳು ಸಾಬವ್ವ. ರೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ.

"ಕೆಲಸದಲ್ಲಿ ಪೆಟ್ಟಾಯ್ತು, ಕಂಪನಿ ಆಪರೇಷನ್ ಮಾಡಿಸ್ತದೆ ಅಂತ."

"ಅಷ್ಟ ಇದ್ರ ಇಷ್ಟುದ್ದ ಯಾಕ ಬರದಾರ್ರಿ?"

"ಆಫೀಸಿನವರಲ್ವಾ, ಉದ್ದವೇ ಬರೆಯುವುದು."

ಅವಳು ಎದ್ದು ಬಂದಳು. ಹಿಟ್ಟಿನ ಬೆರಳುಗಳಲ್ಲಿ ಕಾಗದದ ಮಡಿಕೆ ಬಿಡಿಸಿದಳು. ಅಕ್ಷರ ಅವಳಿಗೆ ಬರುತ್ತಿರಲಿಲ್ಲ, ಫೋಟೋಕ್ಕೆ ಅಕ್ಷರ ಬೇಕಿರಲಿಲ್ಲ.

"ಇದು ಅಂಬರನಾಥದ ಗಿಡ," ಎಂದಳು. "ಇವಗ ಪೆಟ್ಟಾದದ್ದು ಮಹಾಪೆದಾಗ. ಈ ಫೋಟೋ ಇಲ್ಲಿ ಯಾಕ ಬಂತು? ಓದ್ರಿ. ಬರದದ್ದು ಬರದಂಗ ಓದ್ರಿ."

ಮುರಾರಿ ಓದಿದ. ಮರಾಠಿಯ ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ ಓದಿದ. ಇಪ್ಪತ್ತೆರಡು ವರ್ಷ ಗಲ್ಲೆಯಲ್ಲಿ ಕೂತು ಗಟ್ಟಿಯಾಗಿ ಬಿಲ್ಲು ಕೂಗಿದವನ ಸ್ವರ 'ಕಂಪನಿಯು ಕೊಟ್ಟ ಸುರಕ್ಷತೆಯ ಬೂಟುಗಳನ್ನು ನಾನು ನನ್ನ ಧಾರ್ಮಿಕ ನಂಬಿಕೆಯಿಂದ ಸ್ವಂತ ಇಚ್ಛೆಯಿಂದ ಕಳಚಿ' ಎಂಬಲ್ಲಿ ಎರಡು ಸಲ ನಿಂತಿತು.

ರೊಟ್ಟಿ ಹತ್ತಿದ ವಾಸನೆ ಬಂತು. ಸಾಬವ್ವ ಒಲೆಯ ಕಡೆ ತಿರುಗಲಿಲ್ಲ.

ಸಾಬವ್ವ ಬಾಯಿ ತೆರೆಯುವ ಮೊದಲೇ ಚಂದ್ರಾಮ ಮಾತಾಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮುರಾರಿಗೆ ಸುಲಭವಾಗುತ್ತಿತ್ತು.

"ಗಿಡ ಯಾವುದರ ಆಗ್ಲಿ, ಬರದದ್ದು ಖರೇನ ಅದ," ಎಂದ. "ದತ್ತಪ್ಪನ ಗಿಡಕ್ಕ ನಾನೇ ಕತ್ತಿ ಹಚ್ಚೀನಿ. ನಮ್ಮವ್ವ ಅದರ ಸುತ್ತ ತಿರುಗಿ ನನ್ನ ಉಳಿಸ್ಕೊಂಡಾಳ, ನಾ ಅದನ್ನೇ ಕಡದೀನಿ. ಅವತ್ತೇ ಅನ್ಕೊಂಡಿದ್ದೆ ಏನರ ಆಗ್ತದಂತ. ಕಾಲ್ ಅವನೇ ತಗೊಂಡ. ಕಂಪನಿದೇನ್ ತಪ್ಪದ ಇದರಾಗ? ಕೊಡ್ರಿ ಪೆನ್ನು."

ಕೈ ಚಾಚಿದ. ಪೆನ್ನು ಮುರಾರಿಯ ಕೈಯಲ್ಲೇ ಇತ್ತು, ಮುಚ್ಚಳವೂ ತೆಗೆದಿತ್ತು. ಕೊಟ್ಟಿದ್ದರೆ ಮುಗಿಯುತ್ತಿತ್ತು. ಒಬ್ಬ ಮನುಷ್ಯ ತನ್ನ ಕಾಲು ಹೋದದ್ದಕ್ಕೆ ತನ್ನನ್ನೇ ದೂರಿಕೊಂಡು ಕೈ ಚಾಚಿ ಕೂತಿದ್ದಾನೆ, ಇದಕ್ಕಿಂತ ಸಲೀಸಾದ ಸಹಿ ಯಾವ ಸೂಪರ್‌ವೈಸರಿಗೂ ಸಿಗಲಾರದು. ಮುರಾರಿಯ ಕೈ ಮಾತ್ರ ಮುಂದೆ ಹೋಗಲಿಲ್ಲ. ಮುಖ ಉರಿಯುತ್ತಿತ್ತು. ಕಿವಿಯ ತುದಿಯವರೆಗೆ ಬಿಸಿ ಏರಿತ್ತು.

"ದೇವರು ಅಲ್ಲ ಮಾರಾಯ," ಎಂದ. "ನಾನು."

"ಏನ್ರಿ?"

"ಶೂ ಕಳಚು ಅಂದದ್ದು ನಾನು. ಶಾಸ್ತ್ರದಲ್ಲಿ ಉಂಟು ಅಂದೆ. ಹಾಗೆ ಯಾವ ಶಾಸ್ತ್ರದಲ್ಲೂ ನಾನು ಓದಿದ್ದಿಲ್ಲ. ಜೇಸೀಬಿ ಬರುವುದಿತ್ತು, ಅದಕ್ಕೆ ಹೇಳಿದ್ದು. ಆಮೇಲೆ ಯತಿನ್ ಹತ್ತಿರ ನೀನಾಗಿಯೇ ಕಳಚಿದೆ ಅಂತ ಹೇಳಿದೆ. ಚಂದ ಇರ್ತದೆ ಅಂತ ಹೇಳಿದೆ." ಪೆನ್ನಿಗೆ ಮುಚ್ಚಳ ಹಾಕಿದ. "ಬೂಟು ಬಂದಿತ್ತು ಚಂದ್ರಾಮ. ಒಂದಲ್ಲ, ಆರು ಜೋಡಿ ಬಂದಿತ್ತು. ಐದು ನಾನೇ ವಾಪಸು ಕಳಿಸಿದೆ."

ಸಾಬವ್ವ ಗೋಡೆಗೆ ಒರಗಿದಳು. "ಆ ಗಿಡದ ಬುಡಕ್ಕ ನಾ ಬ್ಯಾಡ ಅಂದಿದ್ದೆ," ಎಂದಳು ಗಂಡನಿಗೆ, ಮುರಾರಿಗಲ್ಲ. "ಒಂಬತ್ತ್ ದಿನದಿಂದ ದೇವ್ರಿಗಿ ತಪ್ಪಾತು ತಪ್ಪಾತು ಅಂತ ಗಲ್ಲಾ ಬಡ್ಕೊಳ್ಲತ್ತೀದಿ. ಕೇಳಿದೇನ್ ಈಗ?"

ಚಂದ್ರಾಮ ತನ್ನ ಪಟ್ಟಿ ಸುತ್ತಿದ ಕಾಲನ್ನು ನೋಡಿದ. ಸಂತೆಯಲ್ಲಿ ಯಾವುದೋ ಸಾಮಾನಿನ ಬೆಲೆ ಕೇಳುವವನಂತೆ ಕೇಳಿದ:

"ಅದರಾಗ ಏಳನೇ ನಂಬರ್ ಇತ್ತೇನ್ರಿ?"

ಅಳತೆ ತೆಗೆದವನು ಮುರಾರಿಯೇ. ಕಾಗದದ ಮೇಲೆ ಪಾದ ಇರಿಸಿ ಸುತ್ತ ಗೆರೆ ಎಳೆದವನು ಅವನೇ.

"ಇತ್ತು," ಎಂದ.

ಆಗಲೇ ಫೋನು ಬಂತು. ಆ ಖೋಲಿ ಅಷ್ಟು ಚಿಕ್ಕದು; ಯತಿನ್‌ನ ದನಿ ಎಲ್ಲರಿಗೂ ಕೇಳಿಸುತ್ತಿತ್ತು.

"ಆಯ್ತಾ ಮುರಾರಿಯಣ್ಣ?"

"ಇಲ್ಲ... ಅವರಿಗೆ ಒಪ್ಪಿಗೆ ಇಲ್ಲ."

"ಒಪ್ಪಿಗೆ? ಸಮಝಾವೋ ನಾ, ತಿಳಿಸಿ ಹೇಳಿ. ಇವತ್ತು ಸಹಿ ಬರ್ಲಿಲ್ಲ ಅಂದ್ರೆ ನಾಳಿಂದ ಡ್ರೆಸ್ಸಿಂಗ್, ಆಪರೇಷನ್ ಎಲ್ಲಾ ಅವ್ರೇ ನೋಡ್ಕೊಳ್ಲಿ. ಮತ್ತೆ ನೀವೂ ನಾಳಿಂದ ಮನೇಲಿ ರೆಸ್ಟ್ ತಗೊಳ್ಳಿ." ಫೋನು ಇಟ್ಟ.

ಮುರಾರಿ ಮೊಬೈಲನ್ನು ಜೇಬಿಗೆ ಹಾಕಿದ. ಸತ್ಯ ಹೇಳಿದ ಮೇಲೆ ಮನುಷ್ಯ ಹಗುರಾಗುತ್ತಾನೆ ಎಂದು ಅವನು ಎಲ್ಲೋ ಓದಿದ್ದ. ಹಗುರಾಗಿರಲಿಲ್ಲ. ಇನ್ನೊಂದು ಆಪರೇಷನ್ ಇಲ್ಲದೆ ಕೊಳೆಯುವ ಕಾಲು, ಮನೆಯಲ್ಲಿ ಕೂತ ತಾನು, ಊರಿನವರ ಗುಂಪು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅವನು ಮುಂದಕ್ಕೆ ಸರಿದು ಚಂದ್ರಾಮನ ಹೆಗಲ ಮೇಲೆ ಕೈಯಿಟ್ಟ. ತನ್ನ ಬಾಯಿಂದ ಮತ್ತೆ ಆ ತೀರ್ಥ ಕೊಡುವ ಸ್ವರವೇ ಹೊರಟದ್ದು ಅವನಿಗೇ ಕೇಳಿಸಿತು, ಆದರೂ ನಿಲ್ಲಿಸಲಾಗಲಿಲ್ಲ.

"ಸಹಿ ಮಾಡು ಚಂದ್ರಾಮ. ನಾನು ಹೇಳ್ತಾ ಇದ್ದೇನೆ. ಸುಳ್ಳೋ ಸತ್ಯವೋ, ಕಾಲಾದರೂ ಉಳಿಯಲಿ. ದೇವರು ಮನಸ್ಸು ನೋಡ್ತಾನೆ..."

ಚಂದ್ರಾಮ ಹೆಗಲ ಮೇಲಿನ ಕೈಯನ್ನು ಎರಡು ಬೆರಳಿನಿಂದ ಹಿಡಿದು ಎತ್ತಿ, ಬೇರೆಯವರ ಸಾಮಾನನ್ನು ವಾಪಸು ಇಡುವಂತೆ ಮುರಾರಿಯ ಮಡಿಲಿನಲ್ಲಿ ಇಟ್ಟ.

"ದೇವ್ರ ಮಾತ ಬಿಡ್ರಿ," ಎಂದ. "ನಾ ಸಹಿ ಮಾಡಂಗಿಲ್ಲ."